ಅರ್ಧ ಕರೆಂಟು ಹಸಿರಂತೆ, ಕೊಪ್ಪಳದ ಹೊಗೆ ಯಾಕೆ ಕಡಿಮೆಯಾಗಿಲ್ಲ?

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಗಿತ್ತು. ಊರಿಗೆ ಅಂಟಿಕೊಂಡಂತೆ ಬಲ್ದೋಟ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು ಗವಿಮಠದ ಶ್ರೀಗಳ ಜೊತೆ ಸಾವಿರಾರು ಜನ ಬೀದಿಗಿಳಿದರು. 54,000 ಕೋಟಿ ರೂಪಾಯಿ ಬಂಡವಾಳ, ವರ್ಷಕ್ಕೆ 1.05 ಕೋಟಿ ಟನ್ ಉಕ್ಕು ಎಂಬ ಘೋಷಣೆ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಅದೇ ತಿಂಗಳು ಆಗಿತ್ತು. ಜನರ ಸಿಟ್ಟು ನೋಡಿ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿ ಸೂಚಿಸಿದರು.

ಜುಲೈನಲ್ಲಿ ದೆಹಲಿಯಿಂದ ಇನ್ನೊಂದು ಸುದ್ದಿ ಬಂತು. ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ಅನಿಲ, ಡೀಸೆಲ್ ಬಿಟ್ಟು ಬೇರೆ ಮೂಲಗಳದ್ದು, 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ ಎಂದು ಕೇಂದ್ರ ಸರ್ಕಾರ ಹೇಳಿತು. ಅದೇ ಸರ್ಕಾರ 2031–32ರೊಳಗೆ ಕನಿಷ್ಠ 80,000 ಮೆಗಾವ್ಯಾಟ್ ಹೊಸ ಕಲ್ಲಿದ್ದಲು ವಿದ್ಯುತ್ ಬೇಕು ಎಂದೂ ಹೇಳುತ್ತಿದೆ.

ಈ ಮೂರನ್ನೂ ಒಟ್ಟಿಗೆ ಓದಿದರೆ ತಲೆ ಕೆಡುವುದು ಸಹಜ ಅಲ್ವಾ? ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಮೂರೂ ನಿಜ. ಭಾರತದ 2030ರ ಮುಖ್ಯ ಹವಾಮಾನ ಗುರಿಗಳು ಇರುವುದು ಅನುಪಾತದಲ್ಲಿ: ನೂರಕ್ಕೆ ಇಷ್ಟು, ರೂಪಾಯಿಗೆ ಇಷ್ಟು, ಟನ್‌ಗೆ ಇಷ್ಟು. ಬಳ್ಳಾರಿ, ರಾಯಚೂರು, ಕೊಪ್ಪಳದ ಜನರ ಮೇಲೆ ಬೀಳುವುದು ಒಟ್ಟು ಮೊತ್ತ. ದೇಶ ತನ್ನ ಎಲ್ಲ ಗುರಿಗಳನ್ನೂ ಗೆಲ್ಲಬಹುದು, ಈ ಮೂರು ಜಿಲ್ಲೆಗಳಲ್ಲಿ ಈಗಿನದಕ್ಕಿಂತ ಜಾಸ್ತಿ ಕಲ್ಲಿದ್ದಲೂ ಉರಿಯಬಹುದು. ಎರಡೂ ಒಟ್ಟಿಗೆ ಸಾಧ್ಯ. ಹೇಗೆ ಅನ್ನೋದನ್ನ ನಿಧಾನಕ್ಕೆ ನೋಡೋಣ.

ಗುರಿಗಳು ಬಂದ ದಾರಿ

ಮೊದಲ ರಾಷ್ಟ್ರೀಯ ಹವಾಮಾನ ಕ್ರಿಯಾ ಯೋಜನೆ ಬಂದದ್ದು 2008ರ ಜೂನ್ 30ರಂದು. ಸೌರಶಕ್ತಿ, ನೀರು, ಕೃಷಿ, ಹಿಮಾಲಯ, ಹಸಿರು ಹೊದಿಕೆ ಹೀಗೆ ಎಂಟು ಮಿಷನ್‌ಗಳು. 2009ರಲ್ಲಿ ಕೋಪನ್‌ಹೇಗನ್ ಹವಾಮಾನ ಸಮಾವೇಶದ ಹೊತ್ತಿಗೆ ಭಾರತ ಮೊದಲ ಸಲ, ಪ್ರತಿ ರೂಪಾಯಿಗೆ ಹೊರಬೀಳುವ ಅನಿಲವನ್ನು ಇಷ್ಟು ಇಳಿಸುತ್ತೇವೆ ಎಂದು ಒಂದು ಅಂಕಿ ಕೊಟ್ಟಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಆ ಅಂಕಿ ದೊಡ್ಡದಾಯಿತು. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಮೋದಿ 'ಪಂಚಾಮೃತ' ಎಂದು ಐದು ಮಾತು ಕೊಟ್ಟರು. 2070ಕ್ಕೆ ನೆಟ್ ಝೀರೋ, ಅಂದರೆ ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವ ಸ್ಥಿತಿ, ಅದರಲ್ಲಿ ಒಂದು.

2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಗೆ ಅಧಿಕೃತವಾಗಿ ಕೊಟ್ಟ ದಾಖಲೆಯಲ್ಲಿ 2030ರ ಎರಡು ಅಂಕಿಗಳು ಮುಖ್ಯ. ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಶೇ 50 ಪಳೆಯುಳಿಕೆಯೇತರ ಮೂಲಗಳಿಂದ. ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲ 2005ಕ್ಕಿಂತ ಶೇ 45 ಕಡಿಮೆ. ಗೊಂದಲವೆಲ್ಲ ಹುಟ್ಟುವುದು ಈ ಎರಡರಲ್ಲೇ.

ಎಕರೆ ಬೇರೆ, ಇಳುವರಿ ಬೇರೆ

ಮೊದಲು ಶೇ 50ರ ಲೆಕ್ಕ. ಸ್ಥಾಪಿತ ಸಾಮರ್ಥ್ಯ ಅಂದರೆ ಎಷ್ಟು ಎಕರೆ ಹೊಲ ಇದೆ ಎಂಬ ಲೆಕ್ಕ. ಎಷ್ಟು ಚೀಲ ಬಂತು ಎಂಬುದು ಬೇರೆಯೇ ಲೆಕ್ಕ. ಸೌರ ಘಟಕ ರಾತ್ರಿ ಕೆಲಸ ಮಾಡುವುದಿಲ್ಲ, ಮೋಡ ಕವಿದಾಗ ಅರೆಬರೆ. ವರ್ಷದ ಸರಾಸರಿ ತೆಗೆದರೆ ತನ್ನ ಸಾಮರ್ಥ್ಯದ ಶೇ 20–25ರಷ್ಟು ವಿದ್ಯುತ್ ಕೊಡುತ್ತದೆ. ಗಾಳಿಯದ್ದು ಅದಕ್ಕಿಂತ ಸ್ವಲ್ಪ ಮೇಲು. ಕಲ್ಲಿದ್ದಲು ಸ್ಥಾವರ ಶೇ 70ರ ಹತ್ತಿರ ಓಡಬಲ್ಲದು. ಹಾಗಾಗಿ ಸಾಮರ್ಥ್ಯದಲ್ಲಿ ಅರ್ಧ ಹಸಿರಾದರೂ ದೇಶ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದ್ದೇ.

ಆ ಮುಕ್ಕಾಲು ಪಾಲು ಹೇಗಿರುತ್ತದೆ ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ಕರ್ನಾಟಕ ವಿದ್ಯುತ್ ನಿಗಮದ ಕಲ್ಲಿದ್ದಲು ಸ್ಥಾವರಗಳೆಲ್ಲ ಇರುವುದು ರಾಯಚೂರು ಮತ್ತು ಬಳ್ಳಾರಿಯಲ್ಲೇ. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಕುಡಿತಿನಿಯ ಬಿಟಿಪಿಎಸ್ 1,700, ಯರಮರಸ್ 1,600. ಒಟ್ಟು 5,020 ಮೆಗಾವ್ಯಾಟ್. ಇವುಗಳಿಗೆ ಬೇಕಾದ ಕಲ್ಲಿದ್ದಲು ಈ ನೆಲದಲ್ಲಿ ಇಲ್ಲ, ಸಿಂಗರೇಣಿಯಂಥ ದೂರದ ಗಣಿಗಳಿಂದ ರೈಲಿನಲ್ಲಿ ಬರಬೇಕು.

ಶಕ್ತಿನಗರದ ಎಂಟೂ ಘಟಕ ಪೂರ್ತಿ ಓಡುವ ದಿನ ಸುಮಾರು 25,000 ಟನ್ ಕಲ್ಲಿದ್ದಲು ಬೇಕು. ಅಂದರೆ ಆರೇಳು ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 40 ಬೂದಿಯೇ. ಹಾಗಾಗಿ ಅದೇ ದಿನ 7,500 ಟನ್‌ಗೂ ಮಿಕ್ಕಿ ಬೂದಿ ಹೊರಬೀಳುತ್ತದೆ. ಒಂದಷ್ಟು ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆ ಭಟ್ಟಿಗೆ ಹೋಗುತ್ತದೆ. ಉಳಿದದ್ದು ಬೂದಿ ಹೊಂಡಕ್ಕೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಹಾರುಬೂದಿ ಎಲ್ಲಿಗೆ ಬರುತ್ತದೆ ಎಂದು ಸ್ಥಾವರದ ಪಕ್ಕದ ದೇವಸುಗೂರು ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮುಂಗಾರಿನಲ್ಲಿ ಕುಷ್ಟಗಿ, ಯಲಬುರ್ಗಾ ಬಯಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳು ಜೋರಾಗಿ ತಿರುಗುತ್ತವೆ, ಶರಾವತಿಯಲ್ಲಿ ನೀರು ಇರುತ್ತದೆ. ಆಗ ರಾಯಚೂರಿನ ಘಟಕಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ. ಫೆಬ್ರುವರಿಯಿಂದ ಮೇ ತನಕ ಮತ್ತೆ ಎಲ್ಲವೂ ಬೇಕು, ಅದರಲ್ಲೂ ಸೂರ್ಯ ಮುಳುಗಿದ ಮೇಲೆ. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ವ್ಯವಸ್ಥೆ ದೊಡ್ಡ ಮಟ್ಟದಲ್ಲಿ ಬರುವ ತನಕ ಇದು ಹೀಗೇ. ಬ್ಯಾಟರಿ ಬೆಲೆ ಇಳಿಯುತ್ತಿದೆ, ನಿಜ. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯೂ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು) ಇದಕ್ಕೇ. ಅಲ್ಲಿ ಮಲೆನಾಡಿನವರ ವಿರೋಧ ಇದೆ, ಅವರ ಕಾರಣಗಳೂ ಗಟ್ಟಿಯಾಗಿವೆ.

1985ರಲ್ಲಿ ಶುರುವಾದ ಶಕ್ತಿನಗರದ ಮೊದಲ ಘಟಕಕ್ಕೆ ನಿವೃತ್ತಿ ವಯಸ್ಸು ಯಾವತ್ತೋ ದಾಟಿದೆ. ಆದರೂ 2023ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2030ರ ತನಕ ಯಾವ ಹಳೆಯ ಕಲ್ಲಿದ್ದಲು ಘಟಕವನ್ನೂ ಮುಚ್ಚಬೇಡಿ ಎಂದು ಸಲಹೆ ಕೊಟ್ಟಿತು. ಹಸಿರು ವಿದ್ಯುತ್ ಹೆಚ್ಚಾದಂತೆ ಹಳೆಯ ಸ್ಥಾವರ ತಾನಾಗಿ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದವರಿಗೆ ಇದು ಆಶ್ಚರ್ಯ. ಈ ಯೋಜನೆಯಲ್ಲಿ ಹಸಿರು ವಿದ್ಯುತ್ ಬರುವುದು ಕಲ್ಲಿದ್ದಲಿನ ಜಾಗಕ್ಕಲ್ಲ. ಅದರ ಜೊತೆಗೆ, ಅದರ ಮೇಲೆ.

ಶೇ 45 ಕಡಿಮೆ ಅಂದರೆ ಕಡಿಮೆಯಲ್ಲ

ಎರಡನೇ ಅಂಕಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಒಂದು ಸರಳ ಲೆಕ್ಕ ಮಾಡೋಣ. 2005ರಲ್ಲಿ ದೇಶದ ಆದಾಯ 100 ರೂಪಾಯಿ, ಹೊರಬಿದ್ದ ಅನಿಲ 100 ಕಿಲೋ ಎಂದಿಟ್ಟುಕೊಳ್ಳಿ. 2030ರ ಹೊತ್ತಿಗೆ ಆದಾಯ ನಾಲ್ಕು ಪಟ್ಟಾಗಿ 400 ರೂಪಾಯಿ ಆಯಿತು. ಪ್ರತಿ ರೂಪಾಯಿಗೆ ಒಂದು ಕಿಲೋ ಇದ್ದದ್ದು ಶೇ 45 ಇಳಿದು 550 ಗ್ರಾಂ ಆಯಿತು. ಒಟ್ಟು ಎಷ್ಟು? 220 ಕಿಲೋ. ಗುರಿ ಗೆದ್ದೆವು, ಅನಿಲ ಎರಡು ಪಟ್ಟು ಮೀರಿತು.

ಇದು ಮೋಸ ಅಲ್ಲ. ಇದು ಹೀಗೇ ಇರಲಿ ಎಂದೇ ಮಾಡಿದ ಗುರಿ. 2005ರಿಂದ 2020ರ ನಡುವೆ ಪ್ರತಿ ರೂಪಾಯಿಗೆ ಹೊರಬೀಳುವ ಅನಿಲ ಶೇ 36 ಇಳಿದಿದೆ ಎಂದು ಭಾರತ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. ಅದೇ ವರದಿಯಲ್ಲಿ 2020ರ ಒಟ್ಟು ಮೊತ್ತವೂ ಇದೆ, ಕಾಡು ಹೀರಿದ್ದನ್ನು ಕಳೆಯದೆ ಸುಮಾರು 296 ಕೋಟಿ ಟನ್. ಮೊದಲನೆಯದು ಪತ್ರಿಕೆಯ ತಲೆಬರಹ ಆಗುತ್ತದೆ. ಎರಡನೆಯದನ್ನು ಓದುವವರು ಕಡಿಮೆ.

ದೆಹಲಿಯ ವಾದ, ಕೊಪ್ಪಳದ ವಾದ

ಒಟ್ಟು ಮೊತ್ತ ಇಳಿಸುತ್ತೇವೆ ಎಂದು ಭಾರತ ಯಾಕೆ ಹೇಳುವುದಿಲ್ಲ? ಕಾರಣ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಅಮೆರಿಕದವನದ್ದು 14 ಟನ್‌ನ ಆಸುಪಾಸು. ನೂರೈವತ್ತು ವರ್ಷ ಕಲ್ಲಿದ್ದಲು ಉರಿಸಿ ರೈಲು, ಸೇತುವೆ, ನಗರ ಎಲ್ಲ ಕಟ್ಟಿಕೊಂಡವರು ಈಗ ನಮಗೆ ಉರಿಸಬೇಡಿ ಎನ್ನುತ್ತಾರೆ. ಜವಾಬ್ದಾರಿ ಎಲ್ಲರದ್ದು, ಆದರೆ ಪಾಲು ಬೇರೆ ಬೇರೆ ಎಂಬ ತತ್ವವನ್ನು 1992ರ ಒಪ್ಪಂದದಲ್ಲೇ ಬರೆದಿದ್ದಾರೆ.

ಮಾತು ಕೊಟ್ಟ ಹಣವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. 2024ರ ನವೆಂಬರ್‌ನಲ್ಲಿ ಬಾಕು ಹವಾಮಾನ ಸಮಾವೇಶದಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದವು. ಶ್ರೀಮಂತ ದೇಶಗಳು ಒಪ್ಪಿದ್ದು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಭಾರತ ಅಲ್ಲೇ ಎದ್ದು ನಿಂತು ಆಕ್ಷೇಪ ಎತ್ತಿತು.

ಈಗ ಇದೇ ವಾದವನ್ನು ದೇಶದೊಳಗೆ ತಿರುಗಿಸಿ ನೋಡಿ. ಶಕ್ತಿನಗರದಲ್ಲಿ ಉರಿದ ಕಲ್ಲಿದ್ದಲಿನ ವಿದ್ಯುತ್ ಬೆಂಗಳೂರಿನ ಮಾಲ್‌ಗೂ ಹೋಗುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ದೇಶದ ಎಲ್ಲ ಕಡೆಯ ಮೆಟ್ರೋ, ಕಾರು, ಅಪಾರ್ಟ್‌ಮೆಂಟ್‌ಗೆ ಹೋಗುತ್ತದೆ. ಮಸಿ, ಬೂದಿ, ಲಾರಿ ದೂಳು ಇಲ್ಲೇ ಉಳಿಯುತ್ತವೆ. ಲಾಭ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ ಎಂದು ದೆಹಲಿ ಬಾಕುವಿನಲ್ಲಿ ಹೇಳಿದ ಮಾತನ್ನೇ ಕೊಪ್ಪಳದವರು ದೆಹಲಿಗೆ ಮತ್ತು ಬೆಂಗಳೂರಿಗೆ ಹೇಳುತ್ತಿದ್ದಾರೆ. ಮೊದಲನೆಯದು ನ್ಯಾಯವಾದರೆ ಎರಡನೆಯದೂ ನ್ಯಾಯವೇ. ರಾಷ್ಟ್ರೀಯ ಯೋಜನೆಯಲ್ಲಿ ಮೊದಲನೆಯದಕ್ಕೆ ಜಾಗ ಇದೆ, ಎರಡನೆಯದಕ್ಕೆ ಇಲ್ಲ.

ಉಕ್ಕಿನ ಕಗ್ಗಂಟು

ವಿದ್ಯುತ್ತಿನದ್ದು ಇವತ್ತಲ್ಲ ನಾಳೆ ಬಗೆಹರಿಯುವ ಸಮಸ್ಯೆ. ಉಕ್ಕಿನದ್ದು ಹಾಗಲ್ಲ. ಯಾಕೆಂದರೆ ಉಕ್ಕಿಗೆ ಕಲ್ಲಿದ್ದಲು ಬರೀ ಬೆಂಕಿಗಲ್ಲ, ರಾಸಾಯನಿಕ ಕ್ರಿಯೆಗೇ ಬೇಕು.

ಸಂಡೂರಿನ ಅದಿರು ಕಬ್ಬಿಣ ಮತ್ತು ಆಮ್ಲಜನಕ ಸೇರಿದ ವಸ್ತು. ಕಬ್ಬಿಣ ಬೇಕಾದರೆ ಆಮ್ಲಜನಕವನ್ನು ಕಿತ್ತು ತೆಗೆಯಬೇಕು. ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಆ ಕೆಲಸ ಮಾಡುವುದು ಕೋಕ್ ಕಲ್ಲಿದ್ದಲಿನ ಇಂಗಾಲ. ಇಂಗಾಲ ಆಮ್ಲಜನಕವನ್ನು ಎಳೆದುಕೊಂಡು ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಕಾರ್ಖಾನೆಯ ಎಲ್ಲ ಮೋಟರಿಗೂ ಸೌರ ವಿದ್ಯುತ್ ಕೊಟ್ಟರೂ ಈ ಅನಿಲ ನಿಲ್ಲುವುದಿಲ್ಲ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ 1.9ರ ಸುಮಾರು.

ನಮ್ಮ ಸರಾಸರಿ ಜಾಸ್ತಿ ಇರಲು ಒಂದು ಕಾರಣ ಸ್ಪಾಂಜ್ ಐರನ್. ಕೊಪ್ಪಳದ ಪಕ್ಕದ ಗಿಣಿಗೇರಾ, ಹಿರೇಬಗನಾಳ ಸುತ್ತ, ಬಳ್ಳಾರಿ ರಸ್ತೆಯುದ್ದಕ್ಕೂ ಕಾಣುವ ಉದ್ದುದ್ದ ತಿರುಗುವ ಗೂಡುಗಳು ಇವೇ. ಅಗ್ಗದ ಕಲ್ಲಿದ್ದಲು ಹಾಕಿ ಅದಿರನ್ನು ಕಬ್ಬಿಣ ಮಾಡುತ್ತವೆ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಪಾಂಜ್ ಐರನ್ ಮಾಡುವ ದೇಶ ನಮ್ಮದು. ಟನ್ ಲೆಕ್ಕದಲ್ಲಿ ದೊಡ್ಡ ಊದುಕುಲುಮೆಗಿಂತ ಇವು ಜಾಸ್ತಿ ಕಾರ್ಬನ್ ಬಿಡುತ್ತವೆ, ಮಸಿಯನ್ನೂ.

ಹಾಗಂತ ಉಕ್ಕು ಬೇಡ ಎನ್ನಲು ಆಗುತ್ತದಾ? ಒಬ್ಬ ಭಾರತೀಯ ವರ್ಷಕ್ಕೆ ಬಳಸುವ ಉಕ್ಕು ಸುಮಾರು 100 ಕಿಲೋ, ಜಗತ್ತಿನ ಸರಾಸರಿಯ ಅರ್ಧದಷ್ಟು. ಫ್ಯಾನಿನ ಕಂಬ, ಸೌರ ಫಲಕದ ಚೌಕಟ್ಟು, ರೈಲು ಹಳಿ ಎಲ್ಲಕ್ಕೂ ಉಕ್ಕೇ ಬೇಕು. 2030–31ಕ್ಕೆ 30 ಕೋಟಿ ಟನ್ ಸಾಮರ್ಥ್ಯ ಎಂದು 2017ರ ರಾಷ್ಟ್ರೀಯ ಉಕ್ಕು ನೀತಿ ಹೇಳುತ್ತದೆ. ಅದಿರು ಇರುವ ಕಡೆಯೇ ಕಾರ್ಖಾನೆ ಬರುತ್ತದೆ. ಕೊಪ್ಪಳಕ್ಕೆ ಬಂದ ಪ್ರಸ್ತಾವದ ಹಿಂದಿನ ತರ್ಕ ಇದು.

ಆ ಪ್ರಸ್ತಾವವನ್ನು ದೇಶದ ಈಗಿನ ಸರಾಸರಿಯಲ್ಲಿ ಅಳೆದರೆ ವರ್ಷಕ್ಕೆ 2.6 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ದೇಶದ 2020ರ ಒಟ್ಟು ಮೊತ್ತದ ಶೇ 0.9ರ ಹತ್ತಿರ, ಒಂದೇ ಜಾಗದಿಂದ. ಒಳ್ಳೆಯ ತಂತ್ರಜ್ಞಾನ ಹಾಕಿದರೆ ಸ್ವಲ್ಪ ಕಡಿಮೆಯಾಗಬಹುದು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ 'ಹಸಿರು ಉಕ್ಕು' ಎಂದರೆ ಏನು ಎಂದು ಗೆರೆ ಎಳೆದಿದೆ: ಟನ್‌ಗೆ 2.2ಕ್ಕಿಂತ ಕಡಿಮೆ ಇದ್ದರೆ ನಕ್ಷತ್ರ ಸಿಗುತ್ತದೆ, 1.6ಕ್ಕಿಂತ ಕಡಿಮೆಯಾದರೆ ಐದು ನಕ್ಷತ್ರ. ಮತ್ತೆ ಅದೇ, ಟನ್‌ಗೆ ಇಷ್ಟು. 2.1ರಲ್ಲಿ ಓಡುವ 1.05 ಕೋಟಿ ಟನ್ ಕಾರ್ಖಾನೆ ಮೂರು ನಕ್ಷತ್ರದ ಹಸಿರು ಉಕ್ಕು ಮಾಡುತ್ತಾ ವರ್ಷಕ್ಕೆ 2.2 ಕೋಟಿ ಟನ್ ಅನಿಲ ಬಿಡಬಹುದು. ಮೂರು ಮೂರು ನಕ್ಷತ್ರ!

ಹೈಡ್ರೋಜನ್ ಭರವಸೆ ಎಷ್ಟು ದೂರ?

ಇಂಗಾಲದ ಬದಲು ಹೈಡ್ರೋಜನ್ ಬಳಸಿದರೆ ಅದಿರಿನ ಆಮ್ಲಜನಕ ನೀರಾವಿಯಾಗಿ ಹೋಗುತ್ತದೆ. ಆ ಹೈಡ್ರೋಜನ್ನನ್ನು ಗಾಳಿ, ಸೌರ ವಿದ್ಯುತ್ತಿನಿಂದ ಮಾಡಿದರೆ ಹೊಗೆಯ ಮಾತೇ ಇಲ್ಲ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಆವರಣದಲ್ಲಿ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಮಾಡುವ ಘಟಕ 2025ರಲ್ಲಿ ಶುರುವಾಗಿದೆ. ದೇಶದಲ್ಲೇ ದೊಡ್ಡದು ಎಂದು ಸುದ್ದಿಯಾಯಿತು. ಖುಷಿಯ ವಿಷಯವೇ.

ಆದರೆ ಲೆಕ್ಕ ಹಾಕಿ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಹೈಡ್ರೋಜನ್ ಬೇಕು. 3,800 ಟನ್ನಿನಲ್ಲಿ ಆಗುವುದು ಸುಮಾರು 70,000 ಟನ್ ಕಬ್ಬಿಣ. ತೋರಣಗಲ್ಲಿನ ಉಕ್ಕಿನ ಸಾಮರ್ಥ್ಯ ಒಂದು ಕೋಟಿ ಟನ್ನಿಗಿಂತ ಜಾಸ್ತಿ. ಅಂದರೆ ನೂರಕ್ಕೆ ಒಂದೂ ಇಲ್ಲ.

ಇನ್ನು ಕೊಪ್ಪಳದ ಪ್ರಸ್ತಾವವನ್ನು ಪೂರ್ತಿ ಹೈಡ್ರೋಜನ್ ಮೇಲೆ ನಡೆಸಬೇಕೆಂದರೆ? ಒಂದು ಕಿಲೋ ಹೈಡ್ರೋಜನ್ನಿಗೆ 50 ಯೂನಿಟ್‌ಗೂ ಜಾಸ್ತಿ ವಿದ್ಯುತ್ ಬೇಕು. ಒಟ್ಟು ವರ್ಷಕ್ಕೆ 3,000 ಕೋಟಿ ಯೂನಿಟ್ ಆಸುಪಾಸು ಆಗುತ್ತದೆ. 2,050 ಮೆಗಾವ್ಯಾಟಿನ ಪಾವಗಡ ಸೌರ ಪಾರ್ಕ್ ವರ್ಷಕ್ಕೆ 400 ಕೋಟಿ ಯೂನಿಟ್ ಕೊಡುತ್ತದೆ ಎಂದುಕೊಂಡರೂ ಇಂಥ ಏಳೂವರೆ ಪಾವಗಡ ಬೇಕು. ಒಂದು ಪಾವಗಡಕ್ಕೆ 13,000 ಎಕರೆ. ಆ ಜಮೀನು ಎಲ್ಲಿಯದು? ಹೈಡ್ರೋಜನ್ ಆಗುವುದಿಲ್ಲ ಎಂದಲ್ಲ. ಆದರೆ ಇವತ್ತು ಕಟ್ಟುವ ಕಾರ್ಖಾನೆ 'ಮುಂದೆ ಹೈಡ್ರೋಜನ್ನಿಗೆ ಹೋಗುತ್ತೇವೆ' ಎಂದು ಹೇಳಿದರೆ ಯಾವಾಗ, ಎಷ್ಟು, ಯಾವ ವಿದ್ಯುತ್ತಿನಲ್ಲಿ ಎಂದು ಕೇಳಲೇಬೇಕು.

ಯಾಕೆಂದರೆ ಉಕ್ಕಿನ ಕಾರ್ಖಾನೆ ಒಮ್ಮೆ ಕಟ್ಟಿದರೆ ನಲವತ್ತು ವರ್ಷ ಓಡುತ್ತದೆ. ನಡುವೆ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಕುಲುಮೆಯ ಒಳಪದರ ಬದಲಿಸಿದರೆ ಆಯಿತು. 2030ರಲ್ಲಿ ಶುರುವಾದ ಕಾರ್ಖಾನೆ 2070ರ ತನಕ ಓಡುತ್ತದೆ. ನೆಟ್ ಝೀರೋ ವರ್ಷವೂ ಅದೇ. ಇದು ಕಾಕತಾಳೀಯ ಇರಬಹುದು. ಆದರೆ 2070 ಎಂಬ ಗಡುವು ಇವತ್ತಿನ ಹೂಡಿಕೆದಾರನಿಗೆ ಏನನ್ನೂ ಬದಲಿಸಬೇಕಾದ ಒತ್ತಡ ಹಾಕುವುದಿಲ್ಲ ಎಂಬುದು ಮಾತ್ರ ಖರೆ.

ಯುರೋಪಿನ ಸುಂಕ ಇಲ್ಲಿ ಏನು ಮಾಡುತ್ತದೆ

ಒತ್ತಡ ಈಗ ಬರುತ್ತಿರುವುದು ಬೇರೆ ಕಡೆಯಿಂದ. ಯುರೋಪ್ ಒಕ್ಕೂಟದ ಕಾರ್ಬನ್ ಗಡಿ ಸುಂಕ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ರಸಗೊಬ್ಬರ ಕಳಿಸುವವರು ಅದರಲ್ಲಿ ಅಡಗಿದ ಕಾರ್ಬನ್ನಿಗೂ ಲೆಕ್ಕ ಕೊಡಬೇಕು. ಮೊದಲ ವರ್ಷ ಹೊರೆ ತೀರಾ ಸಣ್ಣದು, 2.5 ಶೇಕಡಾ ಪಾಲಿಗೆ ಮಾತ್ರ. ಅದು ಏರುತ್ತಾ ಹೋಗಿ 2034ಕ್ಕೆ ಪೂರ್ತಿ ಆಗುತ್ತದೆ.

ಭಾರತ ಇದನ್ನು ವ್ಯಾಪಾರದ ತಡೆಗೋಡೆ ಎಂದು ವಿರೋಧಿಸುತ್ತಿದೆ. ಜೊತೆಗೇ ತನ್ನದೇ ಕಾರ್ಬನ್ ಮಾರುಕಟ್ಟೆಯನ್ನೂ ಕಟ್ಟುತ್ತಿದೆ, ಅಂದರೆ ಗುರಿಗಿಂತ ಕಡಿಮೆ ಕಾರ್ಬನ್ ಬಿಟ್ಟವರು ಆ ಉಳಿಕೆಯನ್ನು ಬೇರೆಯವರಿಗೆ ಮಾರುವ ವ್ಯವಸ್ಥೆ. 2022ರಲ್ಲಿ ಕಾಯ್ದೆ ತಿದ್ದುಪಡಿ, 2023ರಲ್ಲಿ ಯೋಜನೆಯ ಅಧಿಸೂಚನೆ. ಕಾರ್ಬನ್ನಿಗೆ ಇಲ್ಲೇ ಬೆಲೆ ಕಟ್ಟಿದ್ದರೆ ಯುರೋಪಿನಲ್ಲಿ ಅಷ್ಟು ಕಡಿತ ಕೇಳಬಹುದು, ಹಣ ನಮ್ಮಲ್ಲೇ ಉಳಿಯುತ್ತದೆ ಎಂಬ ಯೋಚನೆ. ಸರಿಯಾದ ಯೋಚನೆಯೇ.

ಇದರ ಪರಿಣಾಮ ಎಲ್ಲರ ಮೇಲೂ ಒಂದೇ ಥರ ಆಗುವುದಿಲ್ಲ. ರಫ್ತು ಮಾಡುವ ದೊಡ್ಡ ಕಂಪನಿ ತನ್ನ ಅತಿ ಶುದ್ಧ ಕುಲುಮೆಯ ಉಕ್ಕನ್ನು ಯುರೋಪಿಗೆ ಕಳಿಸಿ, ಉಳಿದದ್ದನ್ನು ಇಲ್ಲೇ ಮಾರಬಹುದು. ಗಿಣಿಗೇರಾದ ಗೂಡುಗಳ ಸ್ಪಾಂಜ್ ಐರನ್ ಹೋಗುವುದು ಇಲ್ಲಿನ ಕಂಬಿ ತಯಾರಕರಿಗೆ. ಅದಕ್ಕೆ ಯುರೋಪಿನ ಬಿಸಿ ತಟ್ಟುವುದೇ ಇಲ್ಲ. ಅತಿ ಹೆಚ್ಚು ಮಸಿ ಇರುವ ಕಡೆ ಅತಿ ಕಡಿಮೆ ಒತ್ತಡ.

ದೂಳಿಗೆ ಲೆಕ್ಕವೇ ಇಲ್ಲ

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹವಾಮಾನ ಕೆಡಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನೆಯ ಮಾಳಿಗೆ ಮೇಲೆ, ಹತ್ತಿಯ ಮೇಲೆ ಕೂರುವುದು ಮಸಿ ಮತ್ತು ದೂಳು. ಕೊಪ್ಪಳದ ಹೋರಾಟ ಮುಖ್ಯವಾಗಿ ಎರಡನೆಯದರ ಬಗ್ಗೆ. ಹವಾಮಾನ ಯೋಜನೆ ಮೊದಲನೆಯದರ ಬಗ್ಗೆ. ಒಂದು ಇಳಿದರೆ ಇನ್ನೊಂದೂ ತಾನಾಗಿ ಇಳಿಯುತ್ತದೆ ಎಂದೇನಿಲ್ಲ.

ದೂಳಿಗೆ ಬೇರೆ ಯೋಜನೆ ಇದೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ದೇಶದ 131 ನಗರಗಳಿವೆ. ಕರ್ನಾಟಕದಿಂದ ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಬಳ್ಳಾರಿ ಇಲ್ಲ, ರಾಯಚೂರು ಇಲ್ಲ, ಕೊಪ್ಪಳ ಇಲ್ಲ. ರಾಜ್ಯದ ಅತಿ ಹೆಚ್ಚು ಕಲ್ಲಿದ್ದಲು ಉರಿಯುವ ಪ್ರದೇಶ ಶುದ್ಧ ಗಾಳಿಯ ಪಟ್ಟಿಯಲ್ಲಿ ಇಲ್ಲ!

ಕಲ್ಲಿದ್ದಲು ಸ್ಥಾವರಗಳ ಗಂಧಕದ ಹೊಗೆ ತೊಳೆಯುವ ಯಂತ್ರದ ಕಥೆಯೂ ಹಾಗೇ. 2015ರಲ್ಲಿ ಎಲ್ಲರಿಗೂ ಕಡ್ಡಾಯ ಅಂದರು, ಗಡುವು ಮುಂದೆ ಹಾಕುತ್ತಾ ಬಂದರು, 2025ರ ಜುಲೈನಲ್ಲಿ ಶೇ 78ರಷ್ಟು ಘಟಕಗಳಿಗೆ ವಿನಾಯಿತಿ ಕೊಟ್ಟರು. ಬಿಗಿ ನಿಯಮ ಉಳಿದದ್ದು ಮುಖ್ಯವಾಗಿ ಹತ್ತು ಲಕ್ಷ ಜನರ ನಗರದಿಂದ 10 ಕಿಲೋಮೀಟರ್ ಒಳಗಿರುವವರಿಗೆ. ದೇವಸುಗೂರಿನಲ್ಲಿ ಹತ್ತು ಲಕ್ಷ ಜನ ಎಲ್ಲಿಂದ ಬರಬೇಕು?

ನೀರು, ಭತ್ತ, ಗೇಟು

ಇಲ್ಲಿಯ ತನಕ ಹೇಳಿದ್ದೆಲ್ಲ ಹೊಗೆ ಇಳಿಸುವ ಮಾತು. ಹವಾಮಾನ ಯೋಜನೆಯ ಇನ್ನೊಂದು ಭಾಗ ಬಿಸಿಲು, ಬರ, ನೆರೆಗೆ ಹೊಂದಿಕೊಳ್ಳುವುದು. ಇದಕ್ಕೆ ಗಡುವಿನ ಅಂಕಿ ಇಲ್ಲ. ಹಾಗಾಗಿ ಇದು ಸುದ್ದಿಯೂ ಆಗುವುದಿಲ್ಲ.

2009ರಲ್ಲಿ ನೆರೆ. 2023ರಲ್ಲಿ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಮುರಿದದ್ದಕ್ಕೆ ಹವಾಮಾನವನ್ನು ದೂರುವುದು ಬೇಡ. ಅದು ಹಳೆಯ ಕಬ್ಬಿಣ, ಸಾಲದ ನಿರ್ವಹಣೆ. ಆದರೆ ಪರಿಣಾಮ ನೋಡಿ. ಎಲ್ಲ 33 ಗೇಟು ಬದಲಿಸಲು 2025ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಎರಡನೇ ಬೆಳೆ ಹೋದರೆ ರೈತನ ಜೊತೆ ರೈಸ್‌ಮಿಲ್, ಹಮಾಲಿ, ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರದಂಗಡಿ ಉದ್ರಿ ಎಲ್ಲವೂ ನಿಲ್ಲುತ್ತವೆ.

ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.8. ಮಳೆ ಕಡಿಮೆ ದಿನಗಳಲ್ಲಿ ಜೋರಾಗಿ ಸುರಿಯುವ ಕಾಲದಲ್ಲಿ ಹಿಡಿದಿಡುವ ಜಾಗವೇ ದೊಡ್ಡ ಆಸ್ತಿ. ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯದ ಮಾತು ವರ್ಷಗಳಿಂದ ಇದೆ. ತುಂಗಭದ್ರಾ ನೀರಿನಲ್ಲಿ ಆಂಧ್ರ, ತೆಲಂಗಾಣಕ್ಕೂ ಪಾಲು ಇರುವುದರಿಂದ ಅವರ ಒಪ್ಪಿಗೆ ಬೇಕು. ಅಲ್ಲಿಗೆ ಮಾತು ನಿಲ್ಲುತ್ತದೆ.

ಭತ್ತದ್ದು ಬೇರೆ ಕಥೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಅದು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಬಿಸಿ ಮಾಡುವ ಅನಿಲ. 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಇಳಿಸುವ ಪ್ರತಿಜ್ಞೆಗೆ ಸಹಿ ಹಾಕಿದವು, ಭಾರತ ಹಾಕಲಿಲ್ಲ. ಸಣ್ಣ ರೈತನ ಗದ್ದೆ ಮೇಲೆ ಹೊರೆ ಬೇಡ ಎಂಬ ಕಾರಣ ಸರಿಯಾದದ್ದೇ. ಆದರೆ ಅದರ ನೆಪದಲ್ಲಿ ಒಂದು ಅವಕಾಶವೂ ಕೈಬಿಟ್ಟುಹೋಗುತ್ತಿದೆ.

ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ಕೆಲವು ರೈತರು ಕೂರಿಗೆ ಭತ್ತಕ್ಕೆ ಹೋಗಿದ್ದಾರೆ. ಸಸಿ ಮಡಿ ಇಲ್ಲ, ಕೆಸರು ಹೊಡೆಯುವುದಿಲ್ಲ, ನಾಟಿ ಇಲ್ಲ. ಹದ ಇದ್ದಾಗ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತುವುದು, ಕಾಲುವೆ ನೀರು ಬಂದಾಗ ಹಾಯಿಸುವುದು. ನೀರು ತಡವಾಗಿ ಬರುವ ಊರಲ್ಲಿ ಇದು ಭೂಮಿ ಉಳಿಸಲು ಮಾಡಿದ್ದಲ್ಲ, ಬೆಳೆ ಉಳಿಸಲು ಮಾಡಿದ್ದು. ನೀರು ಉಳಿಯುತ್ತದೆ, ನಾಟಿ ಕೂಲಿ ಉಳಿಯುತ್ತದೆ, ಮೀಥೇನೂ ಇಳಿಯುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯವೂ ಇದರ ಹಿಂದೆ ಕೆಲಸ ಮಾಡಿದೆ. ತೊಂದರೆ ಕಳೆಯದ್ದು. ನಿಂತ ನೀರು ಕಳೆಯನ್ನು ಅದುಮಿಡುತ್ತದೆ, ಕೂರಿಗೆ ಭತ್ತದಲ್ಲಿ ಆ ಅನುಕೂಲ ಇಲ್ಲ. ಮೊದಲ ಒಂದೂವರೆ ತಿಂಗಳು ಕಳೆನಾಶಕಕ್ಕೋ ಆಳಿಗೋ ದುಡ್ಡು ಸುರಿಯಬೇಕು. ಆ ಒಂದೂವರೆ ತಿಂಗಳ ಖರ್ಚಿಗೆ ಕೈಹಿಡಿದರೆ ಕಾಲುವೆಯ ಮೇಲ್ಭಾಗದವರೂ ಯೋಚಿಸಿಯಾರು. ಈಗ ಮೇಲ್ಭಾಗದಲ್ಲಿ ನೀರು ಧಾರಾಳ, ಬದಲಾಗಲು ಅವರಿಗೇನು ದರ್ದು?

ಹಸಿರಿಗೂ ಜಮೀನು ಬೇಕು

ಫ್ಯಾನು, ಸೌರ ಫಲಕಗಳ ವಿಷಯದಲ್ಲೂ ಎಲ್ಲ ಸುಲಭವಿಲ್ಲ. ಹೊಲದ ಯಜಮಾನನಿಗೆ ಲೀಸ್ ಹಣ ಬರುತ್ತದೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನೂ ಬರುವುದಿಲ್ಲ. ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ವಿದ್ಯುತ್ ತಂತಿ ಯಮಪಾಶ. ಇದೇ ಜಾತಿಯ ಹಕ್ಕಿ ಮತ್ತು ರಾಜಸ್ಥಾನ, ಗುಜರಾತಿನ ಸೌರ ತಂತಿಗಳ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2024ರಲ್ಲಿ ಒಂದು ದೊಡ್ಡ ಮಾತು ಹೇಳಿತು: ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಯ ಹಕ್ಕು. ಕೊಪ್ಪಳದಂಥ ಹೋರಾಟಗಳು ಮುಂದೆ ಈ ತೀರ್ಪನ್ನು ಹಿಡಿದು ಕೋರ್ಟಿಗೆ ಹೋದರೆ ಆಶ್ಚರ್ಯವಿಲ್ಲ.

ಮುಂದೆ ಏನಾಗಬಹುದು

ದೇಶ 2030ರ ಗುರಿಗಳನ್ನು ಮುಟ್ಟುವುದರಲ್ಲಿ ಅನುಮಾನ ಇಲ್ಲ. ಒಂದನ್ನು ಈಗಾಗಲೇ ಮುಟ್ಟಿಯಾಗಿದೆ, ಇನ್ನೊಂದು ಹತ್ತಿರದಲ್ಲಿದೆ. ಶಕ್ತಿನಗರದ ಹಳೆಯ ಘಟಕಗಳು ಮುಚ್ಚುವುದೂ ಇಲ್ಲ, ಪೂರ್ತಿ ಓಡುವುದೂ ಇಲ್ಲ. ಗಾಳಿ ಇದ್ದಾಗ ನಿಲ್ಲಿಸಿ, ಇಲ್ಲದಾಗ ಎಬ್ಬಿಸಿ ಎಂಬಂತೆ ನಡೆಯುತ್ತವೆ. ಹೀಗೆ ನಿಲ್ಲಿಸಿ ಎಬ್ಬಿಸುವುದು ಹಳೆಯ ಯಂತ್ರಕ್ಕೆ ಒಳ್ಳೆಯದಲ್ಲ, ದಿನಗೂಲಿಯ ಗುತ್ತಿಗೆ ಕಾರ್ಮಿಕರಿಗಂತೂ ಅಲ್ಲವೇ ಅಲ್ಲ. ಕಲ್ಲಿದ್ದಲಿನಿಂದ ಹೊರಬರುವಾಗ ಕೆಲಸ ಕಳೆದುಕೊಳ್ಳುವವರ ಬಗ್ಗೆ ದೇಶದಲ್ಲಿ ಚರ್ಚೆ ಇದೆ, ಆದರೆ ಅದು ಜಾರ್ಖಂಡ್, ಛತ್ತೀಸಗಡದ ಗಣಿಗಳ ಸುತ್ತಲೇ ಸುತ್ತುತ್ತದೆ. ಗಣಿ ಇಲ್ಲದೆ ಸ್ಥಾವರ ಮಾತ್ರ ಇರುವ ರಾಯಚೂರಿನಂಥ ಜಾಗ ಆ ಚರ್ಚೆಗೆ ಸಿಕ್ಕುವುದಿಲ್ಲ.

ಹಣ ಇಲ್ಲ ಎನ್ನುವಂತಿಲ್ಲ. ಬಳ್ಳಾರಿಯ ಅದಿರಿನಿಂದ ಬರುವ ಜಿಲ್ಲಾ ಖನಿಜ ನಿಧಿ 2015ರಿಂದ ಇದೆ. ಅದರ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಪರಿಸರ ಎಲ್ಲ ಇವೆ. ಕೂರಿಗೆ ಭತ್ತದ ಕಳೆ ಖರ್ಚಿಗೋ, ಗೂಡುಗಳ ದೂಳು ಅಳೆಯುವ ಯಂತ್ರಕ್ಕೋ ಇದರಲ್ಲಿ ದಾರಿ ಹುಡುಕುವುದು ಕಷ್ಟವಲ್ಲ, ಮನಸ್ಸು ಬೇಕು ಅಷ್ಟೇ.

ಉಕ್ಕಿನ ಹೊಸ ಕಾರ್ಖಾನೆಗಳಿಗೆ ಕೊಪ್ಪಳದಲ್ಲಿ ಆಗದಿದ್ದರೆ ಬೇರೆ ಕಡೆ ಜಾಗ ಹುಡುಕುತ್ತಾರೆ. ಜಮೀನು ಕೊಟ್ಟವರ ಗತಿ ಏನಾಗುತ್ತದೆ ಎಂದು ತಿಳಿಯಲು ಕುಡಿತಿನಿಗೆ ಹೋದರೆ ಸಾಕು. 2010ರ ಸುಮಾರಿಗೆ ಅಲ್ಲಿ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಹೋಯಿತು. ಕಾರ್ಖಾನೆ ಬರಲಿಲ್ಲ, ಬೆಳೆಯೂ ಹೋಯಿತು, ರೈತರು ಧರಣಿ ಕೂತರು. ಅನುಭವ ಹೀಗಿರುವಾಗ ಉದ್ಯೋಗದ ಭರವಸೆಯನ್ನು ಜನ ಸುಲಭಕ್ಕೆ ನಂಬುವುದಿಲ್ಲ.

ಕೊಪ್ಪಳದ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಪರಿಸರ ಅನುಮತಿಯ ಫೈಲಿನ ಮೇಲೆ. 2006ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಎಲ್ಲ ನಡೆಯುವುದು ಒಂದೊಂದು ಯೋಜನೆಗೆ ಒಂದೊಂದರಂತೆ. ಇಂಗಾಲದ ಡೈಆಕ್ಸೈಡ್ ಇಷ್ಟೇ ಬಿಡಬೇಕು ಎಂಬ ಮಿತಿ ಅದರಲ್ಲಿ ಇಲ್ಲ. ಗಿಣಿಗೇರಾ ಸುತ್ತಲಿನ ಗಾಳಿ ಇನ್ನು ಎಷ್ಟು ತಾಳಬಲ್ಲದು ಎಂದು ಎಲ್ಲ ಕಾರ್ಖಾನೆಗಳನ್ನು ಕೂಡಿಸಿ ಅಳೆದು, ಆ ಅಂಕಿಯನ್ನು ಜನರ ಮುಂದಿಟ್ಟು, ಆಮೇಲೆ ಹೊಸದಕ್ಕೆ ಹೂಂ ಅಥವಾ ಊಹೂಂ ಎನ್ನುವ ಕ್ರಮ ಬರದ ಹೊರತು ಕಾಗದದ ಮೇಲೆ ಪ್ರತಿ ಕಾರ್ಖಾನೆಯೂ ಮಿತಿಯೊಳಗೇ ಇರುತ್ತದೆ.